ಚೆಂಡು ಹೋಯಿತು, ಆಟಗಾರ ಇನ್ನೂ ಗಾಳಿಯಲ್ಲೇ ಇದ್ದಾನೆ

ವೀಕ್ಷಕರೆ, ಬ್ಯಾಸ್ಕೆಟ್‌ಬಾಲ್ ನೋಡುವಾಗ ನಮ್ಮಲ್ಲಿ ಬಹುಮಂದಿಯನ್ನು ಕಾಡುವ ಸಂದೇಹವೊಂದಿದೆ. ಆಟಗಾರನೊಬ್ಬ ದೂರದಿಂದ ಜಿಗಿದು ಬುಟ್ಟಿಯತ್ತ ಚೆಂಡೆಸೆಯುತ್ತಾನೆ. ಎಲ್ಲರ ಕಣ್ಣೂ ಚೆಂಡಿನ ಬೆನ್ನು ಹತ್ತುತ್ತವೆ. ಚೆಂಡು ರಿಂಗಿಗೆ ಬಡಿದು ಆಚೆ ಬೀಳುತ್ತದೆ. ಅಷ್ಟರಲ್ಲಿ ಸೀಟಿ ಕೇಳಿಸುತ್ತದೆ. ನೋಡಿದರೆ ರೆಫರಿ ಮುಷ್ಟಿ ಎತ್ತಿ ನಿಂತಿದ್ದಾರೆ. ಎಸೆದವನಿಗೆ ಮೂರು ಫ್ರೀ ಥ್ರೋ! "ಅವನ ಕೈಯನ್ನು ಯಾರೂ ಮುಟ್ಟಲೇ ಇಲ್ಲವಲ್ಲ, ಇದೆಂಥ ತೀರ್ಪು?" ಎಂದು ಮನೆಯಲ್ಲಿ ಕುಳಿತವರೂ ಗ್ಯಾಲರಿಯಲ್ಲಿ ಕುಳಿತವರೂ ಒಟ್ಟಿಗೆ ರೇಗುತ್ತಾರೆ.

ಈ ಕೋಪಕ್ಕೆ ಕಾರಣ ಸರಳ. ನಾವು ನೋಡಿದ್ದು ಚೆಂಡನ್ನು. ರೆಫರಿ ನೋಡಿದ್ದು ಮನುಷ್ಯನನ್ನು. ಚೆಂಡೆಸೆಯುವ ಆಟಗಾರನಿಗೆ ನಿಯಮ ಕೊಡುವ ರಕ್ಷಣೆ ಚೆಂಡು ಕೈಬಿಟ್ಟ ಗಳಿಗೆಗೆ ಮುಗಿಯುವುದಿಲ್ಲ. ಅವನ ಎರಡೂ ಪಾದಗಳು ಮತ್ತೆ ನೆಲ ಮುಟ್ಟುವವರೆಗೆ ಅದು ಮುಂದುವರಿಯುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ವಿಚಿತ್ರವೆನಿಸುವ ಅರ್ಧದಷ್ಟು ತೀರ್ಪುಗಳು ತಾವಾಗಿ ಅರ್ಥವಾಗುತ್ತವೆ.

ಪೀಚ್ ಬುಟ್ಟಿಯ ಕಾಲದಿಂದ

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಅಲ್ಲಿನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಅಧ್ಯಾಪಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಬಹುದಾದ, ಮೈಗೆ ಮೈ ತಾಗದ ಆಟವೊಂದನ್ನು ಹುಡುಕುತ್ತಿದ್ದರು. ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ, 13 ನಿಯಮಗಳನ್ನು ಬರೆದರು. ಎದುರಾಳಿಯನ್ನು ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಎಡವಿ ಬೀಳಿಸುವುದು, ಹೊಡೆಯುವುದು ಕೂಡದು ಎಂಬುದು ಅವುಗಳಲ್ಲೊಂದು. ಬುಟ್ಟಿಯನ್ನು ತಲೆಯ ಮೇಲೆ ಕಟ್ಟಿದ್ದರಿಂದ ಬಲವಾಗಿ ಎಸೆದು ಗೆಲ್ಲುವ ಹಾಗಿರಲಿಲ್ಲ. ಮೆಲ್ಲಗೆ, ಗುರಿಯಿಟ್ಟು, ಕಮಾನಿನಂತೆ ಎಸೆಯಬೇಕಾಗಿತ್ತು. ಅಂಥ ಎಸೆತಕ್ಕೆ ಕೈಗಳು ಬಂಧನವಿಲ್ಲದೆ ಇರಬೇಕು. ಎಸೆಯುವವನ ರಕ್ಷಣೆ ಎಂಬ ವಿಚಾರದ ಬೇರು ಇಲ್ಲಿದೆ.

ಆದರೆ ಆ 13 ನಿಯಮಗಳಲ್ಲಿ ಫ್ರೀ ಥ್ರೋ ಇರಲಿಲ್ಲ. ಒಂದು ತಂಡ ಸತತವಾಗಿ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು ಎಂಬ ಲೆಕ್ಕವಿತ್ತು. ಫ್ರೀ ಥ್ರೋ ಬಂದದ್ದು ಕೆಲವು ವರ್ಷಗಳ ಅನಂತರ. ಆಗಲೂ ಫೌಲಿಗೆ ಗುರಿಯಾದವನೇ ಎಸೆಯಬೇಕೆಂದಿರಲಿಲ್ಲ. ಗುರಿ ಚೆನ್ನಾಗಿರುವ ಒಬ್ಬನೇ ಇಡೀ ತಂಡದ ಪರವಾಗಿ ಎಸೆಯಬಹುದಿತ್ತು. ಅಮೆರಿಕದ ಕಾಲೇಜು ಆಟದಲ್ಲಿ ಈ ಪದ್ಧತಿ ನಿಂತದ್ದು 1923-24ರ ಋತುವಿನಲ್ಲಿ. ಪೆಟ್ಟು ತಿಂದವನೇ ಗೆರೆಯ ಮುಂದೆ ನಿಂತು ತನ್ನ ನ್ಯಾಯವನ್ನು ತಾನೇ ಪಡೆಯಬೇಕು ಎಂಬುದು ಅಂದಿನಿಂದ ಈ ಆಟದ ಸ್ವಭಾವವಾಗಿ ಹೋಗಿದೆ.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಇದಕ್ಕೆ ದೊಡ್ಡ ನಿದರ್ಶನ. ಪಂದ್ಯ ಮುಗಿಯಲು ಮೂರು ಸೆಕೆಂಡುಗಳಿದ್ದಾಗ ಸೋವಿಯತ್ ತಂಡ 49-48ರಿಂದ ಮುಂದಿತ್ತು. ಚೆಂಡು ಕಸಿದುಕೊಂಡು ಬುಟ್ಟಿಯತ್ತ ನುಗ್ಗಿದ ಅಮೆರಿಕದ ಡಗ್ ಕಾಲಿನ್ಸ್ ಅವರನ್ನು ಎದುರಾಳಿ ಜೋರಾಗಿ ಕೆಡವಿದ. ನೆಲಕ್ಕೆ ಬಿದ್ದು ತಲೆ ಸುತ್ತುತ್ತಿದ್ದ ಕಾಲಿನ್ಸ್ ಎದ್ದು ಬಂದು ಎರಡು ಫ್ರೀ ಥ್ರೋಗಳನ್ನೂ ಬುಟ್ಟಿಗೆ ಹಾಕಿದರು. ಆಮೇಲೆ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಿದ್ದು, ಸೋವಿಯತ್ ತಂಡ 51-50ರಿಂದ ಗೆದ್ದದ್ದು, ಅಮೆರಿಕನ್ನರು ಬೆಳ್ಳಿ ಪದಕ ಸ್ವೀಕರಿಸದೆ ಹೋದದ್ದು ಬೇರೆಯ ಕತೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೆ: ಎಸೆಯಲು ಹೋದವನ ಮೇಲಿನ ಒಂದು ಫೌಲ್ ಒಲಿಂಪಿಕ್ಸ್ ಚಿನ್ನದ ತಕ್ಕಡಿಯನ್ನು ವಾಲಿಸಬಲ್ಲದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ಪನ್ನು ನೆನಪಿಸಿಕೊಳ್ಳಿ. ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ತಂಡ ಕಜಾಕಸ್ತಾನವನ್ನು 75-73ರಿಂದ ಸೋಲಿಸಿತು. ಎ ವಿಭಾಗದಲ್ಲಿ ಜಪಾನ್ 74-73ರಿಂದ ಆಸ್ಟ್ರೇಲಿಯವನ್ನು ಗೆದ್ದಿತು. ಒಂದು ಕಡೆ ಎರಡು ಅಂಕ, ಇನ್ನೊಂದು ಕಡೆ ಒಂದೇ ಅಂಕ. ಎಸೆಯುವವಳ ಮೇಲಿನ ಒಂದೇ ಒಂದು ಫೌಲಿನ ಬೆಲೆಯೂ ಅಷ್ಟೇ.

ಕಣ್ಣಿಗೆ ಕಾಣದ ಕಂಬ

ಹಾಗಾದರೆ ಯಾವುದು ಫೌಲ್, ಯಾವುದು ಅಲ್ಲ? ಮೈ ತಾಗಿದ್ದೆಲ್ಲ ಫೌಲ್ ಆಗುವುದಿಲ್ಲ. ಹತ್ತು ಜನ ಆಳೆತ್ತರದ ಆಟಗಾರರು ಓಡಾಡುವ ಅಂಕಣದಲ್ಲಿ ಮೈ ತಾಗದೆ ಇರುವುದು ಸಾಧ್ಯವೂ ಇಲ್ಲ. ಆದ್ದರಿಂದ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾ ತನ್ನ ನಿಯಮ ಪುಸ್ತಕದಲ್ಲಿ ಒಂದು ಜಾಣ ಕಲ್ಪನೆಯನ್ನು ಮುಂದಿಟ್ಟಿದೆ. ಪ್ರತಿಯೊಬ್ಬ ಆಟಗಾರನ ಸುತ್ತ ಕಣ್ಣಿಗೆ ಕಾಣದ ಕೊಳವೆಯೊಂದು ನೆಲದಿಂದ ಮೇಲಕ್ಕೆ ನೇರವಾಗಿ ನಿಂತಿದೆ ಎಂದು ಭಾವಿಸಿ. ಮುಂದೆ ಅಂಗೈಗಳು, ಹಿಂದೆ ಪೃಷ್ಠ, ಪಕ್ಕಗಳಲ್ಲಿ ತೋಳು ಮತ್ತು ಕಾಲುಗಳ ಹೊರ ಅಂಚು, ಇವು ಅದರ ಗಡಿ. ಆ ಜಾಗವೂ ಅದರ ಮೇಲಿನ ಗಾಳಿಯೂ ಆ ಆಟಗಾರನ ಸ್ವಂತ. ಅವನು ನೇರವಾಗಿ ಮೇಲಕ್ಕೆ ಜಿಗಿದರೆ ಆ ಕಂಬವೂ ಅವನ ಜೊತೆ ಮೇಲೇರುತ್ತದೆ.

ಈಗ ಸನ್ನಿವೇಶ ಸರಳವಾಗುತ್ತದೆ. ರಕ್ಷಣಾ ಆಟಗಾರ ತನ್ನ ಕಂಬದೊಳಗೆ ನಿಂತು, ಕೈಗಳನ್ನು ಲಂಬವಾಗಿ ಎತ್ತಿದ್ದಾನೆ. ಎಸೆಯುವವನೇ ಬಂದು ಅವನ ಎದೆಗೆ ಅಪ್ಪಳಿಸಿದ. ರಕ್ಷಕನ ತಪ್ಪಿಲ್ಲ, ಎಷ್ಟೇ ಜೋರಾಗಿ ಅಪ್ಪಳಿಸಿರಲಿ. ಅದೇ ರಕ್ಷಕ ಕೈಗಳನ್ನು ಮುಂದಕ್ಕೆ ಬಾಗಿಸಿ ಎಸೆಯುವವನ ಕಂಬದೊಳಗೆ ತೂರಿಸಿದರೆ, ಅಲ್ಲಿ ಆಗುವ ತಾಗುವಿಕೆಗೆ ಅವನೇ ಹೊಣೆ. "ಕೈ ಎತ್ತಿಕೊಂಡೇ ನಿಂತಿದ್ದನಲ್ಲ!" ಎಂದು ಪ್ರೇಕ್ಷಕರು ಕೂಗುವುದುಂಟು. ಕೈ ಎತ್ತಿದ್ದರೆ ಸಾಲದು, ನೇರವಾಗಿ ಎತ್ತಿರಬೇಕು.

ಇನ್ನೊಂದು ಸಾಮಾನ್ಯ ಕೂಗು, "ಮೊದಲು ಚೆಂಡನ್ನೇ ಮುಟ್ಟಿದ!" ಎಂಬುದು. ಚೆಂಡನ್ನು ಶುದ್ಧವಾಗಿ ತಡೆದ ಮೇಲೆ, ಅದೇ ರಭಸದಲ್ಲಿ ಎಸೆಯುವವನ ಮೈ ಮೇಲೆ ಬಿದ್ದು ಅವನನ್ನು ಕೆಡವಿದರೆ ಅದು ಫೌಲೇ. ಚೆಂಡನ್ನು ಮುಟ್ಟಿದ್ದು ಉಳಿದದ್ದಕ್ಕೆಲ್ಲ ಪರವಾನಗಿಯಾಗುವುದಿಲ್ಲ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಇದೆ. ಚೆಂಡಿನ ಮೇಲಿರುವ ಕೈಬೆರಳುಗಳಿಗೆ ಮಾತ್ರ ಎದುರಾಳಿಯ ಕೈ ತಾಗಿದರೆ ಅದನ್ನು ಆಕಸ್ಮಿಕವೆಂದು ಬಿಟ್ಟುಬಿಡುತ್ತಾರೆ. ಚಟ್ ಎಂದು ಸದ್ದು ಕೇಳಿತು, ಆದರೂ ಸೀಟಿ ಬರಲಿಲ್ಲ ಎಂದರೆ ಅನೇಕ ಸಲ ಕಾರಣ ಇದೇ. ಸದ್ದು ಸಾಕ್ಷಿಯಲ್ಲ, ಮಣಿಕಟ್ಟಿಗೆ ತಾಗಿತೇ, ಮುಂಗೈಗೆ ತಾಗಿತೇ ಎಂಬುದು ಸಾಕ್ಷಿ.

ಒಂದು ಡಿಗ್ರಿಯ ಲೆಕ್ಕ

ಮಣಿಕಟ್ಟಿಗೆ ಸ್ವಲ್ಪ ತಾಗಿದರೆ ಇಷ್ಟೊಂದು ರಂಪವೇಕೆ ಎನ್ನಬಹುದು. ಕಾಗದ ಪೆನ್ಸಿಲ್ ತೆಗೆದುಕೊಂಡು ಚಿಕ್ಕ ಲೆಕ್ಕ ಮಾಡೋಣ. ರಿಂಗಿನ ಒಳವ್ಯಾಸ 45 ಸೆಂಟಿಮೀಟರ್. ಪುರುಷರ ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್. ಚೆಂಡು ರಿಂಗನ್ನು ಮುಟ್ಟದೆ ಒಳಗಿಳಿಯಬೇಕಾದರೆ, ಅದರ ನಡುಬಿಂದು ರಿಂಗಿನ ನಡುವಿನಿಂದ ಎಡಕ್ಕೋ ಬಲಕ್ಕೋ ಹೆಚ್ಚೆಂದರೆ ಹತ್ತೂವರೆ ಸೆಂಟಿಮೀಟರ್ ಸರಿಯಬಹುದು.

ಫೀಬಾ ನಿಯಮದಲ್ಲಿ ಮೂರು ಅಂಕದ ಗೆರೆ 6.75 ಮೀಟರ್ ದೂರದಲ್ಲಿದೆ. ಅಷ್ಟು ದೂರದಿಂದ ಎಸೆದ ಚೆಂಡು ಪಕ್ಕಕ್ಕೆ ಒಂದೇ ಒಂದು ಡಿಗ್ರಿ ತಿರುಗಿದರೆ, ಬುಟ್ಟಿಯ ಬಳಿ ಹೋಗುವಷ್ಟರಲ್ಲಿ ಅದು ಸುಮಾರು 12 ಸೆಂಟಿಮೀಟರ್ ದೂರ ಸರಿದಿರುತ್ತದೆ. ಅಂದರೆ ಶುದ್ಧವಾದ ಬುಟ್ಟಿ ಕೈತಪ್ಪಿತು. ಇನ್ನು ರಿಂಗಿನ ದಯೆ. ಮಣಿಕಟ್ಟಿನ ಮೇಲೆ ಎರಡು ಬೆರಳು ಸವರಿದರೂ ಒಂದು ಡಿಗ್ರಿ ತಿರುಗುವುದು ಕಷ್ಟವಲ್ಲ. ಅದೇ ಎರಡು ಬೆರಳು ಅವನ ಸೊಂಟಕ್ಕೆ ತಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದ್ದರಿಂದಲೇ ಒಳ್ಳೆಯ ರೆಫರಿ ತಾಗುವಿಕೆಯ ಜೋರನ್ನಷ್ಟೇ ಅಳೆಯುವುದಿಲ್ಲ. ಎಸೆಯುವವನ ಲಯ, ವೇಗ, ಸಮತೋಲ, ಚುರುಕು, ಇವುಗಳಲ್ಲಿ ಯಾವುದಾದರೂ ಕೆಟ್ಟಿತೇ ಎಂದು ನೋಡುತ್ತಾನೆ. ಕೆಟ್ಟಿದ್ದರೆ ಸೀಟಿ, ಇಲ್ಲದಿದ್ದರೆ ಆಟ ಸಾಗಲಿ.

ಎಸೆತ ಎಲ್ಲಿಂದ ಎಲ್ಲಿಯವರೆಗೆ?

ಫೌಲ್ ಆಯಿತೆಂದಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದು ಎಸೆಯುವ ಕ್ರಿಯೆಯಲ್ಲಿದ್ದಾಗ ಆದದ್ದೇ, ಅದಕ್ಕೆ ಮುಂಚೆ ಆದದ್ದೇ? ಬೆಲೆ ಬದಲಾಗುವುದು ಇಲ್ಲಿ. ಮುಂಚೆ ಆಗಿದ್ದರೆ ಸಾಮಾನ್ಯವಾಗಿ ಗೆರೆಯ ಹೊರಗಿನಿಂದ ಚೆಂಡು ಒಳಗೆಸೆದು ಆಟ ಮುಂದುವರಿಯುತ್ತದೆ. ಆ ಕಾಲಾವಧಿಯಲ್ಲಿ ತಂಡದ ಫೌಲುಗಳು ನಾಲ್ಕನ್ನು ಮೀರಿದ್ದರೆ ಮಾತ್ರ ಎರಡು ಫ್ರೀ ಥ್ರೋ. ಎಸೆಯುವಾಗ ಆಗಿದ್ದರೆ ಲೆಕ್ಕ ಬೇರೆ. ಚೆಂಡು ಬುಟ್ಟಿಗೆ ಬಿದ್ದಿದ್ದರೆ ಆ ಅಂಕಗಳ ಜೊತೆಗೆ ಒಂದು ಫ್ರೀ ಥ್ರೋ. ಬೀಳದಿದ್ದರೆ, ಎಸೆದ ಜಾಗಕ್ಕನುಸಾರ ಎರಡು ಅಥವಾ ಮೂರು.

ಎಸೆತ ಶುರುವಾಗುವುದು ಚೆಂಡು ಕೈಬಿಟ್ಟಾಗ ಅಲ್ಲ. ಬುಟ್ಟಿಯತ್ತ ಎಸೆಯುವ ಚಲನೆಯನ್ನು ಆಟಗಾರ ಆರಂಭಿಸಿದ್ದಾನೆಂದು ರೆಫರಿಗೆ ಮನವರಿಕೆಯಾದ ಗಳಿಗೆಯಲ್ಲಿ. ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿದು ಮೇಲೆತ್ತುತ್ತಿರುವಾಗ ಎದುರಾಳಿ ಕೈ ಹಿಡಿದುಕೊಂಡರೆ, ಚೆಂಡು ಕೈಯಲ್ಲೇ ಉಳಿದರೂ ಅದು ಎಸೆತವೇ. ಫೌಲಾದ ಮೇಲೆ ಅವನು ಮನಸ್ಸು ಬದಲಿಸಿ ಸಹ ಆಟಗಾರನಿಗೆ ಚೆಂಡು ಕೊಟ್ಟುಬಿಟ್ಟರೆ ಮಾತ್ರ ಆ ಹಕ್ಕು ಹೋಗುತ್ತದೆ. ಹೀಗಾಗಿ ರೆಫರಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಒಂದು ಕ್ಷಣ ತಾಳುವುದುಂಟು. ನಮಗೆ ಅದು ಅನುಮಾನವೆಂಬಂತೆ ಕಾಣುತ್ತದೆ. ನಿಜವಾಗಿ ಅದು ಆಟದ ಆರಂಭ, ಬೆಳವಣಿಗೆ, ಮುಕ್ತಾಯ ಮೂರನ್ನೂ ನೋಡಿ ಹೇಳುವ ಎಚ್ಚರ.

ಗಾಳಿಯಲ್ಲಿ ಬ್ರೇಕಿಲ್ಲ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಆಟಗಾರನೊಬ್ಬ ನೆಲದಿಂದ 45 ಸೆಂಟಿಮೀಟರ್ ಜಿಗಿದನೆನ್ನಿ. ಅವನು ಗಾಳಿಯಲ್ಲಿರುವ ಕಾಲ ಸುಮಾರು 0.6 ಸೆಕೆಂಡು. ಜಿಗಿತದ ತುದಿಯಲ್ಲಿ ಚೆಂಡನ್ನು ಬಿಡುತ್ತಾನೆ. ಅಲ್ಲಿಂದ ಕೆಳಗಿಳಿಯಲು 0.3 ಸೆಕೆಂಡು. ದೂರದ ಎಸೆತದ ಚೆಂಡು ಬುಟ್ಟಿ ಸೇರಲು ಸುಮಾರು ಒಂದು ಸೆಕೆಂಡು ಬೇಕು. ಅಂದರೆ ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ಆಟಗಾರ ನೆಲಕ್ಕೆ ಬಂದಿರುತ್ತಾನೆ. ಚೆಂಡನ್ನೇ ನೋಡುತ್ತಿರುವವರಿಗೆ ಅವನು ಇಳಿದದ್ದು ಕಾಣುವುದೇ ಇಲ್ಲ.

ಇಳಿಯುವ ವೇಗ ಸೆಕೆಂಡಿಗೆ ಸುಮಾರು ಮೂರು ಮೀಟರ್. ಗಾಳಿಯಲ್ಲಿರುವ ದೇಹಕ್ಕೆ ತನ್ನ ದಾರಿ ಬದಲಿಸಿಕೊಳ್ಳುವ ಶಕ್ತಿಯಿಲ್ಲ. ಒದೆಯಲು ನೆಲವಿಲ್ಲ, ಹಿಡಿಯಲು ಆಸರೆಯಿಲ್ಲ. ಜಿಗಿದಾಗ ಯಾವ ದಾರಿ ನಿಗದಿಯಾಯಿತೋ ಅದೇ ದಾರಿ. ಬಸ್ಸಿಗೆ ಬ್ರೇಕಿದೆ, ಗಾಳಿಯಲ್ಲಿರುವ ಮನುಷ್ಯನಿಗಿಲ್ಲ. ಅವನ ಕಣ್ಣು ಬುಟ್ಟಿಯ ಮೇಲೆ, ಪಾದಗಳು ಕುರುಡು. ಅಂಥ ಹೊತ್ತಿನಲ್ಲಿ ಕೆಳಗೆ ಎದುರಾಳಿಯ ಕಾಲು ಬಂದು ಕುಳಿತರೆ, ಅವನ ಪಾದ ಒಂದು ಪಕ್ಕಕ್ಕೆ ಮಡಚಿ ಇಡೀ ದೇಹದ ಭಾರ ಕಾಲಿನ ಗಿಣ್ಣಿನ ಮೇಲೆ ಬೀಳುತ್ತದೆ.

ಆದ್ದರಿಂದ ನಿಯಮ ಸ್ಪಷ್ಟವಾಗಿದೆ. ನೆಲದ ಯಾವ ಜಾಗದಿಂದ ಜಿಗಿದನೋ ಅದೇ ಜಾಗಕ್ಕೆ ಇಳಿಯುವ ಹಕ್ಕು ಆಟಗಾರನಿಗಿದೆ. ಬೇರೆ ಜಾಗದಲ್ಲಿ ಇಳಿಯುವ ಹಕ್ಕೂ ಇದೆ, ಆದರೆ ಅವನು ಜಿಗಿಯುವ ಹೊತ್ತಿಗೆ ಆ ಜಾಗದಲ್ಲಾಗಲಿ ಅಲ್ಲಿಗೆ ಹೋಗುವ ದಾರಿಯಲ್ಲಾಗಲಿ ಎದುರಾಳಿ ಮೊದಲೇ ಬಂದು ನಿಂತಿರಬಾರದು. ಜಿಗಿದ ಮೇಲೆ ಯಾರೂ ಅವನ ದಾರಿಗೆ ಅಡ್ಡ ಬರುವಂತಿಲ್ಲ. ಗಾಳಿಯಲ್ಲಿರುವವನ ಕೆಳಗೆ ನುಸುಳಿ ತಾಗಿಸಿದರೆ ಅದನ್ನು ಸಾಮಾನ್ಯವಾಗಿ ಕ್ರೀಡಾಮನೋಭಾವಕ್ಕೆ ವಿರುದ್ಧವಾದ ಫೌಲೆಂದು ಪರಿಗಣಿಸುತ್ತಾರೆ. ಆಗ ಫ್ರೀ ಥ್ರೋಗಳ ಜೊತೆಗೆ ಚೆಂಡೂ ಅದೇ ತಂಡಕ್ಕೆ ಹೋಗುತ್ತದೆ. ಘೋರವಾಗಿದ್ದರೆ ಆಟಗಾರನನ್ನೇ ಹೊರಹಾಕಬಹುದು.

ಇದರ ಬೆಲೆ ಎಷ್ಟೆಂದು ಅಮೆರಿಕದ ವೃತ್ತಿಪರ ಲೀಗ್ ಎನ್.ಬಿ.ಎ. 2017ರ ಮೇ 14ರಂದು ಕಂಡುಕೊಂಡಿತು. ಪಶ್ಚಿಮ ವಲಯದ ಫೈನಲ್ ಸರಣಿಯ ಮೊದಲ ಪಂದ್ಯ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ 23 ಅಂಕಗಳಿಂದ ಮುಂದಿತ್ತು. ಸ್ಪರ್ಸ್‌ನ ಮುಖ್ಯ ಆಟಗಾರ ಕವಾಯ್ ಲೆನರ್ಡ್ ಜಿಗಿದು ಚೆಂಡೆಸೆದರು. ಇಳಿಯುವಾಗ ಅವರ ಪಾದ ಎದುರಾಳಿ ಜಾಜಾ ಪಚೂಲಿಯಾ ಮುಂದಿಟ್ಟಿದ್ದ ಕಾಲಿನ ಮೇಲೆ ಬಿತ್ತು. ಮೊದಲೇ ನೋವಿದ್ದ ಗಿಣ್ಣು ಮತ್ತೆ ಉಳುಕಿತು. ಲೆನರ್ಡ್ ಹೊರನಡೆದರು. ವಾರಿಯರ್ಸ್ ಪಂದ್ಯವನ್ನು 113-111ರಿಂದ ಗೆದ್ದಿತು. ಲೆನರ್ಡ್ ಆ ಸರಣಿಯಲ್ಲಿ ಮತ್ತೆ ಆಡಲಿಲ್ಲ. ಸ್ಪರ್ಸ್ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತಿತು.

ಪಚೂಲಿಯಾ ಬೇಕೆಂದೇ ಕಾಲಿಟ್ಟರೇ ಎಂದು ಆಗ ಜೋರು ವಾದ ನಡೆಯಿತು. ಅವರು ಅಲ್ಲವೆಂದರು. ಲೀಗ್ ಆ ವಾದಕ್ಕೆ ಇಳಿಯದೆ, 2017-18ರ ಋತುವಿಗೆ ಮುನ್ನ ರೆಫರಿಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ಎಸೆಯುವವನಿಗೆ ಇಳಿಯಲು ಜಾಗ ಬಿಡದೆ ಅಪಾಯಕಾರಿಯಾಗಿ ಒಳನುಗ್ಗಿದ ರಕ್ಷಕನ ಫೌಲನ್ನು, ದೃಶ್ಯವನ್ನು ಮತ್ತೆ ನೋಡಿ, ಗಂಭೀರ ಫೌಲ್‌ನ ದರ್ಜೆಗೆ ಏರಿಸಬಹುದೆಂದಾಯಿತು. ಇಲ್ಲಿನ ವಿವೇಕವನ್ನು ಗಮನಿಸಿ. ಮನಸ್ಸಿನೊಳಗೆ ಏನಿತ್ತೆಂದು ಯಾವ ರೆಫರಿಯೂ ಹೇಳಲಾರ. ಪಾದ ಎಲ್ಲಿತ್ತೆಂದು ಹೇಳಬಲ್ಲ. ನಿಯಮ ಹಿಡಿದುಕೊಳ್ಳಬೇಕಾದದ್ದು ಪಾದವನ್ನು.

ಎಸೆಯುವವನೂ ಸಾಧುವಲ್ಲ

ರಕ್ಷಣೆ ಕೊಟ್ಟಲ್ಲಿ ಅದನ್ನು ದುರುಪಯೋಗ ಮಾಡುವ ಚಾಣಾಕ್ಷರೂ ಹುಟ್ಟುತ್ತಾರೆ. ಎಸೆಯುವಾಗ ಒಂದು ಕಾಲನ್ನು ಬೇಕೆಂದೇ ಮುಂದಕ್ಕೆ ಚಾಚಿ ರಕ್ಷಕನಿಗೆ ತಾಗಿಸುವುದು, ಪಕ್ಕದಲ್ಲಿ ನಿಂತವನ ಮೇಲೆ ಅಸಹಜವಾಗಿ ವಾಲಿ ಬೀಳುವುದು, ಓಡುತ್ತಿದ್ದವನು ಥಟ್ಟನೆ ನಿಂತು ಹಿಂದಿನವನು ಬಂದು ಡಿಕ್ಕಿ ಹೊಡೆಯುವಂತೆ ಮಾಡುವುದು, ಇವೆಲ್ಲ ಫ್ರೀ ಥ್ರೋ ಗಿಟ್ಟಿಸುವ ಉಪಾಯಗಳು. ಇವು ಅತಿಯಾದಾಗ ಎನ್.ಬಿ.ಎ. 2021-22ರ ಋತುವಿನಿಂದ ಇಂಥ ಅಸಹಜ ಚಲನೆಗಳಿಗೆ ಫ್ರೀ ಥ್ರೋ ಕೊಡುವುದನ್ನು ನಿಲ್ಲಿಸಿತು. ಎಸೆಯುವವನ ಮೇಲೆಯೇ ಫೌಲ್ ಹೇಳಬಹುದು, ಅಥವಾ ಸೀಟಿಯನ್ನೇ ಊದದಿರಬಹುದು. ತಾಗದಿದ್ದರೂ ತಾಗಿದಂತೆ ನಟಿಸಿ ಬೀಳುವವರಿಗೆ 2023-24ರಿಂದ ಪಂದ್ಯದ ನಡುವೆಯೇ ದಂಡವಿದೆ. ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ಫೀಬಾ ನಿಯಮದಲ್ಲೂ ಇಂಥ ನಟನೆಗೆ ಟೆಕ್ನಿಕಲ್ ಫೌಲ್ ಉಂಟು.

ಇಳಿಯುವ ಹಕ್ಕು ಎಸೆಯುವವನ ಸಹಜ ಚಲನೆಗೆ ಸೇರಿದ್ದು, ಅವನ ನಾಟಕಕ್ಕಲ್ಲ. ರಕ್ಷಕನಿಗೂ ಅವನದೇ ಕಂಬವುಂಟು ಎಂಬುದನ್ನು ಮರೆಯಬಾರದು.

ಕ್ಯಾಮೆರಾ ತೋರಿಸದ್ದು

ಇನ್ನು ನಮ್ಮ ಕಸುಬಿನ ಮಾತು. ಟೆಲಿವಿಷನ್ನಿನಲ್ಲಿ ಬ್ಯಾಸ್ಕೆಟ್‌ಬಾಲ್ ತೋರಿಸುವಾಗ ಮುಖ್ಯ ಕ್ಯಾಮೆರಾ ಎತ್ತರದಲ್ಲಿ, ಅಂಕಣದ ಪಕ್ಕದಲ್ಲಿರುತ್ತದೆ. ಚೆಂಡನ್ನು ಹಿಂಬಾಲಿಸು ಎಂಬುದು ಕ್ಯಾಮೆರಾಮನ್ನರಿಗೆ ನಾವು ಹೇಳುವ ಮೊದಲ ಪಾಠ. ವೀಕ್ಷಕರು ಬಯಸುವುದೂ ಅದನ್ನೇ. ಚೆಂಡು ಕೈಬಿಟ್ಟೊಡನೆ ಕ್ಯಾಮೆರಾ ಬುಟ್ಟಿಯತ್ತ ತಿರುಗುತ್ತದೆ, ಎಸೆದವನು ಪರದೆಯಿಂದ ಮಾಯವಾಗುತ್ತಾನೆ. ಸೆಕೆಂಡಿಗೆ 25 ಚಿತ್ರಗಳ ಲೆಕ್ಕದಲ್ಲಿ, ಅವನು ಕೆಳಗಿಳಿಯುವ 0.3 ಸೆಕೆಂಡಿಗೆ ಏಳೆಂಟು ಚಿತ್ರಗಳಷ್ಟೇ. ಆ ಏಳೆಂಟು ಚಿತ್ರಗಳಲ್ಲಿ ಒಬ್ಬನ ಕಾಲು ಉಳಿಯಬಹುದು, ಹೋಗಬಹುದು. ಅವು ನಿಮಗೆ ಕಾಣುವುದು ಮರುಪ್ರದರ್ಶನದಲ್ಲಿ, ಅದೂ ಬೇರೆ ಕ್ಯಾಮೆರಾ ಅವನ ಮೇಲಿದ್ದರೆ.

ಇನ್ನೊಂದು ಮೋಸವಿದೆ. ದೂರದಿಂದ ಹತ್ತಿರಕ್ಕೆ ತರುವ ಉದ್ದನೆಯ ಲೆನ್ಸು, ಮುಂದಿನದು ಹಿಂದಿನದರ ನಡುವಿನ ಅಂತರವನ್ನು ಚಪ್ಪಟೆ ಮಾಡುತ್ತದೆ. ಒಂದಡಿ ದೂರವಿದ್ದ ಕೈ ಮುಖಕ್ಕೆ ಬಡಿದಂತೆ ಕಾಣಬಹುದು. ಬಡಿದದ್ದು ಒಬ್ಬರ ಬೆನ್ನ ಹಿಂದೆ ಮರೆಯಾಗಲೂ ಬಹುದು. ರೆಫರಿಗೂ ಇದೇ ಕಷ್ಟ. ಇಬ್ಬರು ಆಟಗಾರರ ಹಿಂದೆ ಸಾಲಾಗಿ ನಿಂತರೆ ಅವರ ನಡುವಿನ ಬೆಳಕು ಅವನಿಗೆ ಕಾಣದು. ಪಕ್ಕಕ್ಕೆ ಎರಡು ಹೆಜ್ಜೆ ಸರಿದರೆ ಕಾಣುತ್ತದೆ. ಆದ್ದರಿಂದಲೇ ರೆಫರಿಗಳು ಸುಮ್ಮನೆ ನಿಲ್ಲದೆ ಸದಾ ಜಾಗ ಬದಲಿಸುತ್ತಿರುತ್ತಾರೆ. ಇಬ್ಬರೋ ಮೂವರೋ ಸೇರಿ ಪಂದ್ಯ ನಡೆಸುವಾಗ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಎಸೆಯುವವನು ಯಾರ ಪಾಲಿಗೆ ಬಂದನೋ ಅವರು ಚೆಂಡಿನ ಹಿಂದೆ ಹೋಗುವಂತಿಲ್ಲ, ಅವನ ಪಾದ ನೆಲ ಮುಟ್ಟುವವರೆಗೆ ಅವನನ್ನು ಬಿಡುವಂತಿಲ್ಲ. ಚೆಂಡು ಬುಟ್ಟಿಗೆ ಬಿತ್ತೇ ಎಂದು ನೋಡುವುದು ಜೊತೆಗಾರರ ಕೆಲಸ.

ಇಷ್ಟೆಲ್ಲ ಇದ್ದೂ ರೆಫರಿಗಳು ತಪ್ಪುವುದುಂಟು. ಎನ್.ಬಿ.ಎ. 2015ರಿಂದ, ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಪರಿಶೀಲಿಸಿ, ಸರಿಯಾದದ್ದನ್ನೂ ತಪ್ಪಿದ್ದನ್ನೂ ಮರುದಿನ ಪ್ರಕಟಿಸುವ ಪದ್ಧತಿ ಇಟ್ಟುಕೊಂಡಿದೆ. ಕ್ಯಾಮೆರಾಗಳ ಸೈನ್ಯವೇ ಇರುವ ಅಲ್ಲಿ ಈ ಪಾಡಾದರೆ, ನಮ್ಮ ಶಾಲಾ ಕಾಲೇಜುಗಳ ಸಿಮೆಂಟಿನ ಅಂಕಣದಲ್ಲಿ ಸೀಟಿ ಹಿಡಿದು ನಿಂತ ದೈಹಿಕ ಶಿಕ್ಷಣದ ಮೇಷ್ಟರ ಸ್ಥಿತಿ ಊಹಿಸಿ. ಅಲ್ಲಿ ಮರುಪ್ರದರ್ಶನವಿಲ್ಲ, ಸಿಮೆಂಟಿನ ಮೇಲೆ ಬಿದ್ದ ಹುಡುಗನ ಹುಡುಗಿಯ ಗಿಣ್ಣಿಗೆ ಎರಡನೆಯ ಅವಕಾಶವೂ ಇಲ್ಲ. ಅಂಥ ಪಂದ್ಯಗಳಲ್ಲಿ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಇದು: ಎಸೆತವನ್ನು ತಡೆಯಲು ಹೋದಾಗ ಕೈ ಮೇಲಿರಲಿ, ಪಾದ ಮಾತ್ರ ಎದುರಾಳಿ ಇಳಿಯುವ ಜಾಗದಿಂದ ಹಿಂದೆಯೇ ಇರಲಿ.

ಮುಂದಿನ ಸಲ ಪಂದ್ಯ ನೋಡುವಾಗ ಒಂದು ಪ್ರಯೋಗ ಮಾಡಿ. ಯಾರಾದರೂ ಜಿಗಿದು ಚೆಂಡೆಸೆದಾಗ, ಕಣ್ಣನ್ನು ಚೆಂಡಿನ ಹಿಂದೆ ಓಡಲು ಬಿಡದೆ ಆ ಆಟಗಾರನ ಪಾದಗಳ ಮೇಲಿಡಿ. ಮೊದಲ ನಾಲ್ಕಾರು ಸಲ ಕಷ್ಟವಾದೀತು, ಕಣ್ಣು ಮಾತು ಕೇಳದು. ಆಮೇಲೆ ರೂಢಿಯಾಗುತ್ತದೆ. ಬುಟ್ಟಿ ಆಯಿತೋ ಇಲ್ಲವೋ ಎಂಬುದನ್ನು ಹೇಗೂ ಸುತ್ತಲಿನ ಗದ್ದಲವೇ ತಿಳಿಸುತ್ತದೆ.